ಬೇಡಿಕೆ ಇಲ್ಲ ಅಂತ ಹೇಳೋದು ಯಾರು? ವೇಲ್ಸ್ ಕೌನ್ಸಿಲ್‌ಗಳ ಶಾಲಾ ಲೆಕ್ಕ

ಇವತ್ತು ನಾನು ವೇಲ್ಸ್ ಬಗ್ಗೆ ಮಾತಾಡ್ತೀನಿ. ಅಲ್ಲಿನ ಕೋಟೆಗಳ ಬಗ್ಗೆ ಅಲ್ಲ, ರಗ್ಬಿ ಬಗ್ಗೆಯೂ ಅಲ್ಲ. ಅಲ್ಲಿನ ಕೌನ್ಸಿಲ್‌ಗಳು ವೆಲ್ಶ್ ಮಾಧ್ಯಮದ ಶಾಲೆಗಳನ್ನ ಹೇಗೆ ಪ್ಲಾನ್ ಮಾಡ್ತವೆ, ಅದಕ್ಕೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋದರ ಬಗ್ಗೆ. ಕೌನ್ಸಿಲ್ ಅಂದ್ರೆ ನಮ್ಮ ಮಹಾನಗರ ಪಾಲಿಕೆ ಮತ್ತು ಜಿಲ್ಲಾ ಪಂಚಾಯತಿ ಎರಡರ ಕೆಲಸವನ್ನೂ ಒಂದೇ ಕಡೆ ಮಾಡೋ ಸ್ಥಳೀಯ ಆಡಳಿತ ಅಂದುಕೊಳ್ಳಿ. ಇಡೀ ವೇಲ್ಸ್‌ನಲ್ಲಿ ಅಂಥವು 22 ಇವೆ.

ವಿಷಯ ಒಣ ಅನ್ನಿಸಬಹುದು. ಭಾಷೆ ಅಂದ ಕೂಡಲೇ ನಮಗೆ ಹಾಡು, ಹೋರಾಟ, ಬೋರ್ಡು ನೆನಪಾಗುತ್ತೆ. ಬಜೆಟ್, ಬಸ್ ಪಾಸು, ಖಾಲಿ ಬೆಂಚಿನ ಲೆಕ್ಕ ನೆನಪಾಗಲ್ಲ. ಆದರೆ ಒಂದು ಪ್ರಾಜೆಕ್ಟ್ ಮೇಲೆ ಎರಡು ವರ್ಷ ಕಾರ್ಡಿಫ್‌ನಲ್ಲಿದ್ದಾಗ ಅಲ್ಲಿನ ಸಹೋದ್ಯೋಗಿಗಳು ಊಟದ ಹೊತ್ತಿನಲ್ಲಿ ಮಕ್ಕಳ ಶಾಲೆ ಬಗ್ಗೆ ಮಾತಾಡೋದನ್ನ ಕೇಳ್ತಾ ಕೇಳ್ತಾ ನನಗೆ ಒಂದು ವಿಷಯ ಕಂಡಿತು. ಅವರ ಜಗಳ ಎಲ್ಲ ಈ ಒಣ ವಿಷಯಗಳ ಮೇಲೆಯೇ. "ಮೂರು ಮೈಲಿ ದೂರ, ಬಸ್ ಕೊಡ್ತಾರಾ?" "ರಿಸೆಪ್ಷನ್ ಕ್ಲಾಸಲ್ಲಿ ಸೀಟು ಇದೆಯಾ?" ಅಲ್ಲಿಂದ ನಾನು ಈ ಕೌನ್ಸಿಲ್ ದಾಖಲೆಗಳನ್ನ ಓದೋಕೆ ಶುರು ಮಾಡಿದೆ. ಓದೋಕೆ ಚಪ್ಪೆ, ಆದರೆ ಒಳಗೆ ತುಂಬಾ ಇದೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡ್ತೀನಿ. 1901ರ ಜನಗಣತಿ ಹೊತ್ತಿಗೆ ವೇಲ್ಸ್‌ನ ಹೆಚ್ಚುಕಡಿಮೆ ಅರ್ಧದಷ್ಟು ಜನ ವೆಲ್ಶ್ ಮಾತಾಡ್ತಾ ಇದ್ದರು. 2021ರಲ್ಲಿ ಅದು 17.8 ಪರ್ಸೆಂಟ್, ಸುಮಾರು 5 ಲಕ್ಷ 38 ಸಾವಿರ ಜನ. ನಡುವೆ ಏನಾಯ್ತು ಅನ್ನೋದಕ್ಕೆ ಕಲ್ಲಿದ್ದಲು ಗಣಿಗಳು, ವಲಸೆ, ಯುದ್ಧ ಹೀಗೆ ಹಲವು ಕಾರಣ. ಶಾಲೆಯೂ ಒಂದು. 19ನೇ ಶತಮಾನದಲ್ಲಿ ಶಾಲೆಯಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ಕಟ್ಟೋ ಪದ್ಧತಿ ಹಲವು ಕಡೆ ಇತ್ತು, ಅದಕ್ಕೆ 'ವೆಲ್ಶ್ ನಾಟ್' ಅಂತ ಹೆಸರು. ಅಂದ್ರೆ ಭಾಷೆಯನ್ನ ಹೊರಗೆ ಹಾಕಿದ ಕಡೆಗಳಲ್ಲಿ ಶಾಲೆಯೂ ಇತ್ತು, ಈಗ ಒಳಗೆ ಕರೆತರಬೇಕಾಗಿರೋದೂ ಶಾಲೆಯ ಮೂಲಕವೇ.

ಇನ್ನೊಂದು ಮಾತು ಗಮನದಲ್ಲಿರಲಿ. 17.8 ಅನ್ನೋದು ಸರಾಸರಿ. ವಾಯವ್ಯದ ಗ್ವಿನೆದ್‌ನಲ್ಲಿ 64.4 ಪರ್ಸೆಂಟ್ ಜನಕ್ಕೆ ವೆಲ್ಶ್ ಬರುತ್ತೆ. ಆಗ್ನೇಯದ ಬ್ಲೈನೈ ಗ್ವೆಂಟ್‌ನಲ್ಲಿ 6.2. ಗ್ವಿನೆದ್‌ನಲ್ಲಿ ಅಂಗಡಿಗೆ ಹೋದರೂ ವೆಲ್ಶ್ ಕಿವಿಗೆ ಬೀಳುತ್ತೆ, ಬ್ಲೈನೈ ಗ್ವೆಂಟ್‌ನಲ್ಲಿ ಹುಡುಕಬೇಕು. ಒಂದೇ ಕಾನೂನು ಈ ಎರಡೂ ಕಡೆ ಕೆಲಸ ಮಾಡಬೇಕು. ಅದಕ್ಕೇ ಪ್ಲಾನಿಂಗ್ ಜವಾಬ್ದಾರಿ ಕೌನ್ಸಿಲ್ ಮೇಲೆ ಬಿದ್ದಿದೆ.

ಮೊದಲ ವೆಲ್ಶ್ ಮಾಧ್ಯಮದ ಪ್ರಾಥಮಿಕ ಶಾಲೆ ಶುರುವಾಗಿದ್ದು 1939ರಲ್ಲಿ, ಅಬರಿಸ್ಟ್‌ವಿತ್ ಊರಲ್ಲಿ. ಮಕ್ಕಳು ಏಳು ಜನ. ಅದು ಖಾಸಗಿ ಶಾಲೆ, ಶುರು ಮಾಡಿದ್ದು ಈವಾನ್ ಅಬ್ ಓವೆನ್ ಎಡ್ವರ್ಡ್ಸ್. ಒಂದು ಸ್ಥಳೀಯ ಆಡಳಿತ ತನ್ನ ದುಡ್ಡಲ್ಲಿ ಅಂಥ ಶಾಲೆ ತೆರೆಯೋಕೆ ಇನ್ನೂ ಎಂಟು ವರ್ಷ ಬೇಕಾಯ್ತು: 1947, ಲಾನೆಲ್ಲಿಯ ಡೇವಿ ಸಾಂಟ್ ಶಾಲೆ. ಮೊದಲ ವೆಲ್ಶ್ ಮಾಧ್ಯಮದ ಹೈಸ್ಕೂಲು 1956ರಲ್ಲಿ ಉತ್ತರದ ರಿಲ್‌ನಲ್ಲಿ. ದಕ್ಷಿಣದಲ್ಲಿ ಮೊದಲನೆಯದು 1962ರಲ್ಲಿ, ಪಾಂಟಿಪ್ರಿದ್ ಹತ್ತಿರ, ರಿದ್‌ವೆಲೆನ್. ನಡುವೆ 1952ರಲ್ಲಿ ವೆಲ್ಶ್ ಶಿಕ್ಷಣ ಬಯಸೋ ಪೋಷಕರ ಸಂಘವೊಂದು ಹುಟ್ಟಿತು. ಈಗಲೂ ಇದೆ, ಚಿಕ್ಕದಾಗಿ 'ರಾಗ್' ಅಂತಾರೆ. ನಮ್ಮ ಹಿಂದೂಸ್ತಾನಿಯವರ ರಾಗ್ ಅಲ್ಲ, ಆದರೆ ಆಲಾಪ ಮಾತ್ರ 70 ವರ್ಷ ದಾಟಿದೆ!

ಆ ಕಾಲದಲ್ಲಿ ಇದು ನಡೀತಿದ್ದ ರೀತಿ ಹೀಗೆ. ನಾಲ್ಕಾರು ಪೋಷಕರು ಸೇರ್ತಾರೆ. ಚರ್ಚ್ ಹಾಲ್‌ನಲ್ಲೋ ಯಾರದೋ ಮನೇಲೋ ಚಿಕ್ಕ ಮಕ್ಕಳಿಗೆ ಶಿಶುವಿಹಾರ ಶುರು ಮಾಡ್ತಾರೆ. 1971ರಲ್ಲಿ ಈ ಶಿಶುವಿಹಾರಗಳಿಗೆ ಅಂತಲೇ ಒಂದು ಸಂಸ್ಥೆ ಹುಟ್ಟಿತು. ಮಕ್ಕಳು ಐದು ವರ್ಷಕ್ಕೆ ಬಂದಾಗ ಪೋಷಕರು ಕೌನ್ಸಿಲ್ ಬಾಗಿಲಿಗೆ ಹೋಗ್ತಾರೆ: "ಇಷ್ಟು ಮಕ್ಕಳಿದ್ದಾರೆ, ಶಾಲೆ ಕೊಡಿ." 1944ರ ಶಿಕ್ಷಣ ಕಾಯ್ದೆಯಲ್ಲಿ, ಪೋಷಕರ ಇಷ್ಟದಂತೆ ಮಕ್ಕಳಿಗೆ ಶಿಕ್ಷಣ ಸಿಗಬೇಕು ಅನ್ನೋ ಮಾತಿತ್ತು. ಜೊತೆಗೆ, ಸಾರ್ವಜನಿಕ ಹಣ ವಿಪರೀತ ಖರ್ಚಾಗಬಾರದು ಅನ್ನೋ ಷರತ್ತೂ ಇತ್ತು. ಪೋಷಕರು ಮೊದಲ ಮಾತನ್ನ ಹಿಡಿದರು, ಒಲ್ಲದ ಕೌನ್ಸಿಲ್‌ಗಳಿಗೆ ಎರಡನೆಯದು ಕೈಗೆ ಸಿಕ್ಕಿತು.

ಇಲ್ಲಿ ನನ್ನ ಮುಖ್ಯ ವಿಷಯ ಬರುತ್ತೆ. ಈ ಇಡೀ ವ್ಯವಸ್ಥೆ 'ಬೇಡಿಕೆ' ಅನ್ನೋ ಪದದ ಮೇಲೆ ನಿಂತಿತ್ತು. ಬೇಡಿಕೆ ತೋರಿಸಿ, ಆಮೇಲೆ ಶಾಲೆ ಕೇಳಿ. 2013ರಲ್ಲಿ ವೇಲ್ಸ್ ಒಂದು ಕಾನೂನು ಮಾಡಿ, ಪ್ರತಿ ಕೌನ್ಸಿಲ್ಲೂ ವೆಲ್ಶ್ ಶಿಕ್ಷಣಕ್ಕೆ ಒಂದು ಯೋಜನೆ ಬರೆದು ಸರ್ಕಾರದ ಒಪ್ಪಿಗೆ ಪಡೀಲೇಬೇಕು ಅಂತ ಕಡ್ಡಾಯ ಮಾಡಿತು. ಒಳ್ಳೇ ಹೆಜ್ಜೆ. ಆದರೆ ಆಗಲೂ ಅದರ ತಳಹದಿ ಬೇಡಿಕೆಯ ಸಮೀಕ್ಷೆಯೇ. ಚಿಕ್ಕ ಮಕ್ಕಳ ತಂದೆ ತಾಯಿಗೆ ಪ್ರಶ್ನಾವಳಿ: ನಿಮಗೆ ವೆಲ್ಶ್ ಮಾಧ್ಯಮ ಬೇಕಾ?

ನಾವು ಐಟಿಯವರು, ನಮಗೆ ಇದರ ತೊಂದರೆ ಬೇಗ ಗೊತ್ತಾಗಬೇಕು. ಇನ್ನೂ ಲಾಂಚೇ ಆಗದ ಸರ್ವಿಸ್‌ಗೆ ಎಷ್ಟು ಟ್ರಾಫಿಕ್ ಇದೆ ಅಂತ ಲಾಗ್ ತೆಗೆದು ನೋಡಿದ ಹಾಗೆ! ಝೀರೋ ಬರುತ್ತೆ. ಝೀರೋ ಇದೆ, ಅದಕ್ಕೇ ಲಾಂಚ್ ಬೇಡ ಅಂತ ಮ್ಯಾನೇಜರ್ ಹೇಳಿದರೆ? ನಿಮ್ಮ ಮನೆಯಿಂದ ಐದು ನಿಮಿಷ ನಡೆದರೆ ಹೊಸ ಕಟ್ಟಡದ ಇಂಗ್ಲಿಷ್ ಶಾಲೆ, ವೆಲ್ಶ್ ಶಾಲೆಗೆ ಎರಡು ಬಸ್ ಬದಲಾಯಿಸಬೇಕು, ಕಟ್ಟಡ ತಾತ್ಕಾಲಿಕ ಶೆಡ್ಡು. ಈಗ ಹೇಳಿ, ನಿಮಗೆ ವೆಲ್ಶ್ ಬೇಕಾ? ಪೋಷಕರು "ಬೇಡ" ಅಂತಾರೆ. ಅವರು ಬೇಡ ಅಂದಿದ್ದು ಭಾಷೆಗೋ, ಎರಡು ಬಸ್ಸಿಗೋ? ಪ್ರಶ್ನಾವಳಿಗೆ ಅದು ಗೊತ್ತಾಗಲ್ಲ.

ಇದರ ಉಲ್ಟಾ ಅನುಭವವೂ ಅವರಿಗಿತ್ತು. ಎಲ್ಲಿ ಹತ್ತಿರ ಶಾಲೆ ತೆರೆದರೋ ಅಲ್ಲಿ ಮಕ್ಕಳು ಬಂದರು. ಅದೂ ಯಾರ ಮಕ್ಕಳು? ಆಗ್ನೇಯ ವೇಲ್ಸ್‌ನ ವೆಲ್ಶ್ ಶಾಲೆಗಳಲ್ಲಿ ಹೆಚ್ಚಿನ ಮಕ್ಕಳ ಮನೇಲಿ ಅಪ್ಪನಿಗೂ ವೆಲ್ಶ್ ಬರಲ್ಲ, ಅಮ್ಮನಿಗೂ ಬರಲ್ಲ. ನನ್ನ ಟೀಮ್‌ನಲ್ಲೇ ಒಬ್ಬರಿದ್ದರು. ಮಗಳು ಹೋಮ್‌ವರ್ಕ್ ಕೇಳಿದರೆ ಅವರು ಟ್ರಾನ್ಸ್‌ಲೇಟ್ ಆ್ಯಪ್ ಮುಂದೆ ಕೂತಿರ್ತಿದ್ದರು. "ನನ್ನ ಅಜ್ಜಿ ಹತ್ರ ಇತ್ತು, ನಮ್ಮಮ್ಮನ ಹತ್ರ ಬರಲಿಲ್ಲ, ಇವಳ ಹತ್ರ ಮತ್ತೆ ಇರಲಿ" ಅನ್ನೋದು ಅವರ ಲೆಕ್ಕ. ಪುಣೆ ಮುಂಬೈಯಲ್ಲಿ ಎರಡನೇ ತಲೆಮಾರು ಬೆಳೆಸ್ತಿರೋ ನಮಗೆ ಇದು ಹೊಸದೇನಲ್ಲ.

ಇನ್ನು ಶಾಲೆಗೆ ಮಕ್ಕಳು ಬಂದ ಮೇಲೂ ಜಾಗದ ಜಗಳ ಮುಗಿಯಲ್ಲ. ಕಾರ್ಡಿಫ್‌ನ ಟ್ರೆಗಾನಾ ವೆಲ್ಶ್ ಶಾಲೆ ತುಂಬಿ ತುಳುಕ್ತಾ ಇತ್ತು. ಅದೇ ಭಾಗದಲ್ಲಿ ಲ್ಯಾನ್ಸ್‌ಡೌನ್ ಅನ್ನೋ ಇಂಗ್ಲಿಷ್ ಮಾಧ್ಯಮದ ಶಾಲೆ. ಅದನ್ನ ಮುಚ್ಚಿ ಆ ಕಟ್ಟಡವನ್ನ ಟ್ರೆಗಾನಾಗೆ ಕೊಡೋದು ಕೌನ್ಸಿಲ್ ಪ್ಲಾನ್. 2010ರಲ್ಲಿ ಫಸ್ಟ್ ಮಿನಿಸ್ಟರ್ ಕಾರ್ವಿನ್ ಜೋನ್ಸ್ ಅದನ್ನ ತಳ್ಳಿಹಾಕಿದರು. ಅವರು ಸ್ವತಃ ವೆಲ್ಶ್ ಮಾತಾಡೋರು, ಹಾಗಾಗಿ ವೆಲ್ಶ್ ಪೋಷಕರಿಗೆ ಇನ್ನೂ ಜಾಸ್ತಿ ಸಿಟ್ಟು. ನನಗೆ ಮಾತ್ರ ಆ ತೀರ್ಮಾನ ತಪ್ಪು ಅನ್ನಿಸಲ್ಲ. ಒಂದು ಬಡಾವಣೆಯ ಮಕ್ಕಳ ಶಾಲೆ ಕಿತ್ತು ಇನ್ನೊಂದು ಭಾಷೆಗೆ ಕೊಟ್ಟರೆ ಆ ಭಾಷೆಗೆ ಸ್ನೇಹಿತರು ಹುಟ್ಟಲ್ಲ. ಕೊನೆಗೆ ಟ್ರೆಗಾನಾಗೆ ಬೇರೆ ಜಾಗದಲ್ಲಿ ಹೊಸ ಕಟ್ಟಡವೇ ಎದ್ದಿತು. ಅಂದ್ರೆ ಹಣ ಬೇಕು. ಖಾಲಿ ಬೆಂಚು ಹುಡುಕಿಕೊಂಡು ಹೋದರೆ ಸಾಲದು.

ಹಾಗಾದ್ರೆ ಹಣದ ವಿಷಯಕ್ಕೆ ಬರೋಣ. ಕೌನ್ಸಿಲ್‌ಗೆ ದಿನನಿತ್ಯದ ಖರ್ಚಿಗೆ ದುಡ್ಡು ಬರೋದು ಮುಖ್ಯವಾಗಿ ವೇಲ್ಸ್ ಸರ್ಕಾರದ ಅನುದಾನದಿಂದ. ಜೊತೆಗೆ ವ್ಯಾಪಾರದ ಕಟ್ಟಡಗಳ ಮೇಲಿನ ತೆರಿಗೆಯ ಪಾಲು, ಮನೆಗಳ ಮೇಲಿನ ಕೌನ್ಸಿಲ್ ಟ್ಯಾಕ್ಸ್. ಈ ಅನುದಾನದಲ್ಲಿ ಇಷ್ಟು ಶಾಲೆಗೆ, ಇಷ್ಟು ವೆಲ್ಶ್‌ಗೆ ಅಂತ ಗೆರೆ ಹಾಕಿರಲ್ಲ. ರಸ್ತೆ, ಕಸ, ವೃದ್ಧರ ಆರೈಕೆ, ಎಲ್ಲದರ ಜೊತೆ ಶಾಲೆ ಪೈಪೋಟಿ ಮಾಡಬೇಕು. ಶಾಲೆಗಳಿಗೆ ಹಂಚೋವಾಗ ಕೌನ್ಸಿಲ್‌ನ ಫಾರ್ಮುಲಾದಲ್ಲಿ ಕನಿಷ್ಠ 70 ಪರ್ಸೆಂಟ್ ಮಕ್ಕಳ ಸಂಖ್ಯೆಯ ಮೇಲೆ ಹೋಗಬೇಕು ಅಂತ ನಿಯಮ ಇದೆ. ಕೇಳೋಕೆ ನ್ಯಾಯವಾಗಿದೆ. ಈಗ ಹೊಸ ವೆಲ್ಶ್ ಶಾಲೆಯೊಂದನ್ನ ಊಹಿಸಿಕೊಳ್ಳಿ. ಮೊದಲ ವರ್ಷ ಕೆಳಗಿನ ತರಗತಿ ಮಾತ್ರ, ಮಕ್ಕಳು 15 ಜನ. ಮುಂದಿನ ವರ್ಷ ಇನ್ನೊಂದು ತರಗತಿ. ಶಾಲೆ ತುಂಬೋಕೆ ಏಳು ವರ್ಷ. ಅಲ್ಲಿವರೆಗೆ ಹೆಡ್‌ಮಾಸ್ತರ ಸಂಬಳ, ಕಟ್ಟಡದ ಹೀಟಿಂಗ್, ಅಡುಗೆಮನೆ ಎಲ್ಲಾ ಪೂರ್ತಿ ಖರ್ಚು. ತಲೆ ಎಣಿಸಿ ಕೊಡೋ ದುಡ್ಡು ಅದಕ್ಕೆ ಸಾಲಲ್ಲ. ಕೌನ್ಸಿಲ್ ಕೈಯಿಂದ ತುಂಬಿಕೊಡಬೇಕು. ಹೊಸ ಶಾಲೆ ಅಂದಾಗ ಹಣಕಾಸು ಅಧಿಕಾರಿಗಳ ಮುಖ ಗಂಟಾಗೋದು ಇದಕ್ಕೇ. ದ್ವೇಷ ಏನಿಲ್ಲ, ಸ್ಪ್ರೆಡ್‌ಶೀಟ್ ಹಾಗೆ ಇದೆ.

ಇದರ ಮೇಲೆ ಖಾಲಿ ಸೀಟುಗಳ ಒತ್ತಡ. ಒಟ್ಟಾರೆ 10 ಪರ್ಸೆಂಟ್‌ಗಿಂತ ಹೆಚ್ಚು ಸೀಟು ಖಾಲಿ ಇರಬಾರದು ಅನ್ನೋ ಮಾರ್ಗಸೂಚಿ ಕೌನ್ಸಿಲ್‌ಗಳ ಮೇಲಿದೆ. ಇಂಗ್ಲಿಷ್ ಶಾಲೆಗಳಲ್ಲಿ ಬೆಂಚು ಖಾಲಿ ಇರೋವಾಗ ಹೊಸ ಶಾಲೆ ತೆರೆದರೆ ಖಾಲಿ ಇನ್ನೂ ಹೆಚ್ಚುತ್ತೆ. ಯಾವುದೋ ಹಳೇ ಶಾಲೆ ಮುಚ್ಚಬೇಕಾಗುತ್ತೆ. ಮುಚ್ಚೋಕೆ, ತೆರೆಯೋಕೆ ಎರಡಕ್ಕೂ ವಿಧಿ ಇದೆ: ಕನಿಷ್ಠ 42 ದಿನ ಸಾರ್ವಜನಿಕರ ಅಭಿಪ್ರಾಯ, ಅದರಲ್ಲಿ 20 ದಿನವಾದರೂ ಶಾಲೆ ನಡೀತಿರೋ ದಿನ ಆಗಿರಬೇಕು, ಆಮೇಲೆ ನೋಟಿಸ್, ಆಕ್ಷೇಪಣೆಗೆ 28 ದಿನ. ಈ ಶಾಲೆ ನಡೀತಿರೋ ದಿನ ಅನ್ನೋ ಷರತ್ತು ನನಗೆ ತುಂಬಾ ಇಷ್ಟ ಆಯ್ತು. ಬೇಸಿಗೆ ರಜೆಯಲ್ಲಿ ಸದ್ದಿಲ್ಲದೆ ಶಾಲೆ ಮುಚ್ಚೋ ಹಾಗಿಲ್ಲ, ನೋಡಿ.

ಕಟ್ಟಡಕ್ಕೆ ಬೇರೆ ದುಡ್ಡು. ಶಾಲಾ ಕಟ್ಟಡಗಳ ದೊಡ್ಡ ಕಾರ್ಯಕ್ರಮದಲ್ಲಿ ಮೊದಲ ಹಂತದಲ್ಲಿ ವೇಲ್ಸ್ ಸರ್ಕಾರ ಅರ್ಧ ಕೊಡ್ತಿತ್ತು, 2019ರಿಂದ ಎರಡನೇ ಹಂತದಲ್ಲಿ ಸಾಮಾನ್ಯ ಶಾಲೆಗೆ 65 ಪರ್ಸೆಂಟ್. ಉಳಿದದ್ದು ಕೌನ್ಸಿಲ್‌ದು. ಆದರೆ 2018ರಲ್ಲಿ ವೆಲ್ಶ್ ಮಾಧ್ಯಮಕ್ಕೆ ಅಂತಲೇ ಕಟ್ಟಡದ ಅನುದಾನ ಬಿಟ್ಟರು, ನೂರಕ್ಕೆ ನೂರು ಸರ್ಕಾರದ್ದೇ. ಕೌನ್ಸಿಲ್ ತನ್ನ ಜೇಬಿಂದ ಹಾಕಬೇಕಾಗಿಲ್ಲ ಅಂದಾಗ ಅದುವರೆಗೆ ಆಸಕ್ತಿ ತೋರಿಸದ ಕೌನ್ಸಿಲ್‌ಗಳಿಗೂ "ಬೇಡಿಕೆ ಇಲ್ಲ" ಅನ್ನೋಕೆ ಸ್ವಲ್ಪ ಕಷ್ಟ ಆಗುತ್ತೆ. ಸರ್ಕಾರಗಳು ಭಾಷಾಪ್ರೇಮದ ಭಾಷಣಕ್ಕಿಂತ ಗ್ರಾಂಟ್‌ನ ಪರ್ಸೆಂಟೇಜ್ ಮೂಲಕ ಹೆಚ್ಚು ಹೇಳ್ತವೆ ಅನ್ನೋದು ನನ್ನ ನಂಬಿಕೆ.

ಬಸ್ಸಿನದು ಇನ್ನೊಂದು ಕಥೆ. 2008ರ ಕಾನೂನಿನ ಪ್ರಕಾರ ಪ್ರಾಥಮಿಕ ಶಾಲೆ ಎರಡು ಮೈಲಿ, ಹೈಸ್ಕೂಲು ಮೂರು ಮೈಲಿಗಿಂತ ದೂರ ಇದ್ದರೆ ಉಚಿತ ಸಾರಿಗೆ, ಆದರೆ 'ಹತ್ತಿರದ ಸೂಕ್ತ ಶಾಲೆ'ಗೆ ಮಾತ್ರ. ನಿಮ್ಮ ಹತ್ತಿರದ ಶಾಲೆ ಇಂಗ್ಲಿಷಿನದು ಆದರೆ? ವೆಲ್ಶ್ ಶಿಕ್ಷಣ ಸಿಗೋದನ್ನ ಉತ್ತೇಜಿಸಬೇಕು ಅಂತ ಅದೇ ಕಾನೂನು ಕೌನ್ಸಿಲ್‌ಗೆ ಹೇಳುತ್ತೆ, ಬಸ್ ಕೊಡಲೇಬೇಕು ಅಂತ ಅಲ್ಲ. ಬಹಳಷ್ಟು ಕೌನ್ಸಿಲ್‌ಗಳು ಸ್ವಇಚ್ಛೆಯಿಂದ ಕೊಡ್ತವೆ. ಸ್ವಇಚ್ಛೆಯಿಂದ ಕೊಟ್ಟಿದ್ದರ ಮೇಲೆ ಬಜೆಟ್ ಬಿಗಿಯಾದಾಗ ಮೊದಲು ಕಣ್ಣು ಬೀಳುತ್ತೆ ಅನ್ನೋದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಸರಿ, ಬದಲಾವಣೆ ಯಾವಾಗ ಬಂತು? 2017ರಲ್ಲಿ. ಆ ವರ್ಷ ಸರ್ಕಾರ, 2050ರ ಹೊತ್ತಿಗೆ ಹತ್ತು ಲಕ್ಷ ವೆಲ್ಶ್ ಮಾತಾಡೋರು ಅನ್ನೋ ಗುರಿ ಹಾಕಿಕೊಂಡಿತು. ಹುಟ್ಟೋ ಮಕ್ಕಳಲ್ಲಿ ಎಷ್ಟು ಜನ ವೆಲ್ಶ್ ಮಾಧ್ಯಮಕ್ಕೆ ಬಂದರೆ ಆ ಸಂಖ್ಯೆ ಮುಟ್ಟುತ್ತೆ ಅಂತ ಹಿಂದಿನಿಂದ ಲೆಕ್ಕ ಹಾಕಿದರು. ಆಗ ಒಂದು ವಯಸ್ಸಿನ ಮಕ್ಕಳಲ್ಲಿ ವೆಲ್ಶ್ ಮಾಧ್ಯಮದವರು 22 ಪರ್ಸೆಂಟ್. ಅದು 2031ಕ್ಕೆ 30, 2050ಕ್ಕೆ 40 ಆಗಬೇಕು. ಅದೇ ವರ್ಷ ಕೌನ್ಸಿಲ್ ಯೋಜನೆಗಳನ್ನ ಪರಿಶೀಲಿಸೋಕೆ ಆಲೆಡ್ ರಾಬರ್ಟ್ಸ್ ಅನ್ನೋರನ್ನ ನೇಮಿಸಿದರು. ಅವರು ಸ್ವತಃ ರೆಕ್ಸಮ್ ಕೌನ್ಸಿಲ್ ನಾಯಕರಾಗಿದ್ದವರು, ಒಳಗಿನ ಆಟ ಗೊತ್ತಿತ್ತು. ಮುಂದೆ ಅವರೇ ವೆಲ್ಶ್ ಭಾಷಾ ಕಮಿಷನರ್ ಆದರು, 2022ರಲ್ಲಿ ತೀರಿಕೊಂಡರು. ಆ ಪರಿಶೀಲನೆಯ ನಂತರ 2019ರಲ್ಲಿ ಹೊಸ ನಿಯಮ ಬಂತು. ಯೋಜನೆಯ ಅವಧಿ ಮೂರು ವರ್ಷದಿಂದ ಹತ್ತು ವರ್ಷ ಆಯ್ತು. ಬೇಡಿಕೆ ಅಳೆಯೋ ಜಾಗದಲ್ಲಿ ಟಾರ್ಗೆಟ್ ಬಂತು. "ಎಷ್ಟು ಜನ ಕೇಳಿದರು?" ಅನ್ನೋ ಪ್ರಶ್ನೆ ಹೋಗಿ "ಹತ್ತು ವರ್ಷದಲ್ಲಿ ಒಂದನೇ ವರ್ಷದ ಎಷ್ಟು ಮಕ್ಕಳು ವೆಲ್ಶ್‌ನಲ್ಲಿ ಕಲಿಯೋ ಹಾಗೆ ಮಾಡ್ತೀರಿ, ಅದಕ್ಕೆ ಕಟ್ಟಡ ಎಲ್ಲಿ, ಮೇಷ್ಟ್ರು ಎಲ್ಲಿ?" ಅನ್ನೋ ಪ್ರಶ್ನೆ ಬಂತು. ಮೊದಲು ಹೊರೆ ಪೋಷಕರ ಮೇಲಿತ್ತು, ಈಗ ಕೌನ್ಸಿಲ್ ಮೇಲೆ. ನನ್ನ ಪ್ರಕಾರ ಇಡೀ ಕಥೆಯ ತಿರುಳು ಇದು.

ಈಗಿನ ಯೋಜನೆಗಳು 2022ರ ಸೆಪ್ಟೆಂಬರ್ 1ಕ್ಕೆ ಶುರುವಾದವು. ಮೂರು ವರ್ಷದ ಮಕ್ಕಳ ಶಿಶುವಿಹಾರದಿಂದ ಹಿಡಿದು ಮೇಷ್ಟ್ರ ಸಂಖ್ಯೆವರೆಗೆ ಏಳು ವಿಷಯಕ್ಕೆ ಉತ್ತರ ಬರೀಬೇಕು. ವಿಶೇಷ ಅಗತ್ಯ ಇರೋ ಮಕ್ಕಳಿಗೆ ವೆಲ್ಶ್‌ನಲ್ಲಿ ಏನು ಸೌಲಭ್ಯ ಅನ್ನೋದೂ ಅದರಲ್ಲಿ ಒಂದು. ತಡವಾಗಿ ಬರೋ ಮಕ್ಕಳ ವಿಷಯ ನನಗೆ ವಿಶೇಷ ಅನ್ನಿಸಿತು, ಯಾಕಂದ್ರೆ ನಾವೆಲ್ಲ ವರ್ಗಾವಣೆಯ ಜನ. ಒಂಬತ್ತು ವರ್ಷದ ಮಗು ಇಂಗ್ಲೆಂಡಿನಿಂದ ಗ್ವಿನೆದ್‌ಗೆ ಬಂತು ಅಂದುಕೊಳ್ಳಿ. ಅಲ್ಲಿನ ಶಾಲೆಗಳ ಮುಖ್ಯ ಭಾಷೆ ವೆಲ್ಶ್. 1984ರಿಂದಲೇ ಗ್ವಿನೆದ್‌ನಲ್ಲಿ ಇಂಥ ಮಕ್ಕಳಿಗೆ ಭಾಷಾ ಕೇಂದ್ರಗಳಿವೆ: ಕೆಲವು ವಾರ ಪೂರ್ತಿ ವೆಲ್ಶ್‌ನಲ್ಲಿ ಮುಳುಗಿಸಿ, ಆಮೇಲೆ ಸಾಮಾನ್ಯ ಶಾಲೆಗೆ ಕಳಿಸ್ತಾರೆ. ಇತ್ತೀಚೆಗೆ ಬೇರೆ ಕೌನ್ಸಿಲ್‌ಗಳಿಗೂ ಇದಕ್ಕೆ ಸರ್ಕಾರದ ದುಡ್ಡು ಸಿಗ್ತಿದೆ. ಬೆಂಗಳೂರಿಗೆ ಬಂದ ಸಾಫ್ಟ್‌ವೇರ್ ಕುಟುಂಬದ ಮಗುವಿಗೆ ಇಂಥದ್ದೊಂದು ಇದ್ದಿದ್ರೆ ಅಂತ ಅನ್ನಿಸದೇ ಇರಲ್ಲ.

ಎಲ್ಲ ನಯವಾಗಿ ನಡೀತಿದೆ ಅಂದುಕೊಳ್ಳಬೇಡಿ. ಕಾರ್ಮಾರ್ಥನ್‌ಶೈರ್‌ನ ಲಾಂಗೆನೆಖ್ ಊರಲ್ಲಿ ಎರಡೂ ಭಾಷೆಯ ವಿಭಾಗ ಇದ್ದ ಶಾಲೆಯನ್ನ ಕೌನ್ಸಿಲ್ 2017ರಲ್ಲಿ ಪೂರ್ತಿ ವೆಲ್ಶ್ ಮಾಡಿತು. ಊರು ಎರಡು ಪಾಲಾಯ್ತು. ಇದರ ಉಲ್ಟಾ ಪಾಂಟರ್‌ಡಾವೆ. ಅಲ್ಲಿ ನೀತ್ ಪೋರ್ಟ್ ಟಾಲ್ಬಟ್ ಕೌನ್ಸಿಲ್ ಮೂರು ಇಂಗ್ಲಿಷ್ ಪ್ರಾಥಮಿಕ ಶಾಲೆ ಮುಚ್ಚಿ, ಅವುಗಳ ಬದಲು ಒಂದು ದೊಡ್ಡ ಹೊಸ ಇಂಗ್ಲಿಷ್ ಶಾಲೆ ಕಟ್ಟೋಕೆ ಹೊರಟಿತು. ಮೇಲ್ನೋಟಕ್ಕೆ ವೆಲ್ಶ್‌ಗೂ ಇದಕ್ಕೂ ಸಂಬಂಧ ಇಲ್ಲ, ಅಲ್ವಾ? ಆದರೆ ಆ ಕಣಿವೆ ವೆಲ್ಶ್ ಇನ್ನೂ ಉಸಿರಾಡ್ತಿರೋ ಜಾಗ. ಹೊಳೆಯೋ ಹೊಸ ಕಟ್ಟಡ ಬಂದರೆ ಹತ್ತಿರದ ವೆಲ್ಶ್ ಶಾಲೆಗೆ ಹೋಗಬಹುದಾದ ಮಕ್ಕಳು ಅಲ್ಲಿಗೆ ಹೋಗ್ತಾರೆ ಅಂತ ರಾಗ್ ಕೋರ್ಟಿಗೆ ಹೋಯ್ತು. 2022ರಲ್ಲಿ ಹೈಕೋರ್ಟ್ ಕೌನ್ಸಿಲ್ ತೀರ್ಮಾನವನ್ನ ರದ್ದು ಮಾಡಿತು. ಕಾರಣ: ವೆಲ್ಶ್ ಮೇಲೆ ಏನು ಪರಿಣಾಮ ಆಗುತ್ತೆ ಅನ್ನೋದನ್ನ ಸರಿಯಾಗಿ ಅಂದಾಜು ಮಾಡಿ ಜನರ ಮುಂದಿಡದೆ ಅಭಿಪ್ರಾಯ ಕೇಳಿದ್ದು. ಕೋರ್ಟು ಶಾಲೆ ಬೇಡ ಅನ್ನಲಿಲ್ಲ, ಲೆಕ್ಕ ಮೊದಲು ಮಾಡಿ ಅಂದಿತು.

ನಮ್ಮ ಕಡೆಗೆ ಒಂದು ನಿಮಿಷ. ಸಂವಿಧಾನದ 350ಎ ವಿಧಿ 1956ರಲ್ಲಿ ಸೇರಿದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯೋ ಸೌಲಭ್ಯ ಕೊಡೋಕೆ ಪ್ರತಿ ರಾಜ್ಯ ಮತ್ತು ಪ್ರತಿ ಸ್ಥಳೀಯ ಆಡಳಿತ ಪ್ರಯತ್ನಿಸಬೇಕು ಅನ್ನುತ್ತೆ. ಗಮನಿಸಿ, ಸ್ಥಳೀಯ ಆಡಳಿತ ಅನ್ನೋ ಮಾತು ಅದರಲ್ಲೇ ಇದೆ. ಮುಂಬೈ ಪಾಲಿಕೆ ಎಂಟು ಮಾಧ್ಯಮದಲ್ಲಿ ಶಾಲೆ ನಡೆಸುತ್ತೆ, ಕನ್ನಡವೂ ಒಂದು. ಇನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣದಲ್ಲೇ, ಮಾತೃಭಾಷಾ ಮಾಧ್ಯಮವನ್ನ ಸರ್ಕಾರ ಹೇರೋ ಹಾಗಿಲ್ಲ, ಆಯ್ಕೆ ಪೋಷಕರದು ಅಂದಿತು. ಅದಾದ ಮೇಲೆ ನಮ್ಮಲ್ಲಿ ಚರ್ಚೆ 'ಹೇರಬೇಕು, ಹೇರಬಾರದು' ಅನ್ನೋದರಲ್ಲೇ ಸುತ್ತುತ್ತೆ. ಕಾರ್ಡಿಫ್‌ನಲ್ಲೂ ಆಯ್ಕೆ ಪೋಷಕರದೇ, ಯಾರೂ ಹೇರಲ್ಲ. ಆದರೆ ಆಯ್ಕೆ ಮಾಡೋಕೆ ನಡೆದು ಹೋಗೋ ದೂರದಲ್ಲಿ ಒಂದು ಒಳ್ಳೇ ಶಾಲೆ ಇರಬೇಕು, ಅದು ಯಾವ ವರ್ಷ ಯಾವ ಬಡಾವಣೆಯಲ್ಲಿ ಅಂತ ಕೌನ್ಸಿಲ್ ಬರೆದುಕೊಡಬೇಕು. ನಮ್ಮ ಪಾಲಿಕೆಗಳನ್ನ ನಾವು ಈ ಪ್ರಶ್ನೆ ಕೇಳೇ ಇಲ್ಲ. ಮಕ್ಕಳು ಕಡಿಮೆ, ಶಾಲೆ ಮುಚ್ಚಿದರು ಅನ್ನೋ ಸುದ್ದಿ ಬಂದಾಗ ಫಾರ್ವರ್ಡ್ ಮಾಡಿ ಬೇಜಾರು ಮಾಡಿಕೊಳ್ತೀವಿ.

ಹಾಗಂತ ವೇಲ್ಸ್ ಗೆದ್ದಿದೆ ಅಂತ ನಾನು ಹೇಳ್ತಿಲ್ಲ. 2011ರಲ್ಲಿ 5ರಿಂದ 15 ವಯಸ್ಸಿನ ಮಕ್ಕಳಲ್ಲಿ ವೆಲ್ಶ್ ಬರುತ್ತೆ ಅಂತ ದಾಖಲಾದವರು 40.3 ಪರ್ಸೆಂಟ್, 2021ರಲ್ಲಿ 34.3. ಗಣತಿ ನಡೆದಿದ್ದು ಕೋವಿಡ್ ಲಾಕ್‌ಡೌನ್ ಹೊತ್ತಲ್ಲಿ, ಮಕ್ಕಳು ತಿಂಗಳುಗಟ್ಟಲೆ ಮನೇಲಿದ್ದರು, ಫಾರ್ಮ್ ತುಂಬಿದ್ದು ಅಪ್ಪ ಅಮ್ಮ. ಅದೆಲ್ಲ ಬಿಟ್ಟರೂ ಇಳಿಕೆ ಇಳಿಕೆಯೇ. ದೊಡ್ಡ ಅಡ್ಡಿ ಮೇಷ್ಟ್ರು. ಕಟ್ಟಡವನ್ನ ಗ್ರಾಂಟ್ ತಂದು ಕಟ್ಟಬಹುದು. ವೆಲ್ಶ್‌ನಲ್ಲಿ ಭೌತಶಾಸ್ತ್ರ ಹೇಳಿಕೊಡೋರು ಬರಬೇಕು ಅಂದ್ರೆ ಹದಿನೈದು ವರ್ಷದ ಹಿಂದೆ ಆ ಮಗು ವೆಲ್ಶ್ ಶಾಲೆಗೆ ಸೇರಿರಬೇಕಿತ್ತು. ವೆಲ್ಶ್‌ನಲ್ಲಿ ಹೈಸ್ಕೂಲು ಪಾಠ ಮಾಡೋ ತರಬೇತಿ ಪಡೆಯೋರಿಗೆ 5,000 ಪೌಂಡ್ ಪ್ರೋತ್ಸಾಹಧನ ಇಟ್ಟಿದ್ದಾರೆ, ಆದರೂ ಸಾಲ್ತಾ ಇಲ್ಲ.

2025ರಲ್ಲಿ ಅವರ ಸಂಸತ್ತು, ಸೆನೆದ್, ಇನ್ನೊಂದು ಕಾಯ್ದೆ ಪಾಸು ಮಾಡಿತು. ಶಾಲೆಗಳನ್ನ ಭಾಷೆಯ ಪ್ರಮಾಣದ ಮೇಲೆ ಮೂರು ವರ್ಗ ಮಾಡ್ತಾರೆ, 2050ರ ಹೊತ್ತಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಯಿಂದ ಹೊರಬರೋ ಮಗುವೂ ಸ್ವತಂತ್ರವಾಗಿ ವೆಲ್ಶ್ ಬಳಸೋ ಹಾಗಿರಬೇಕು. ಅಂದ್ರೆ ಈಗ ವೆಲ್ಶ್ ಶಾಲೆಗೇ ಸಾಲದ ಮೇಷ್ಟ್ರು ಮುಂದೆ ಎಲ್ಲಾ ಶಾಲೆಗೂ ಬೇಕು. ಆ 22 ಕೌನ್ಸಿಲ್‌ಗಳು ಇದಕ್ಕೆ ಏನು ಲೆಕ್ಕ ಬರೀತಾವೆ ಅನ್ನೋದನ್ನ ನಾನು ಕಾಯ್ತಾ ಇದ್ದೀನಿ. ಸರಿ, ಇಷ್ಟು ಹೊತ್ತು ನಾನೇ ಮಾತಾಡಿದೆ. ಮುಂಬೈಯಲ್ಲಿ ಪಾಲಿಕೆಯ ಕನ್ನಡ ಶಾಲೆಯಲ್ಲಿ ಓದಿದವರು ಯಾರಾದರೂ ಇದ್ದರೆ ಮೊದಲು ಅವರು ಮೈಕ್ ಆನ್ ಮಾಡಿ.